ಪುಸ್ತಕದ ಬೆನ್ನಿಗೊಂದು ಚೀಟಿ

ಓದಿದ ಪುಸ್ತಕದ ಬಗ್ಗೆ ನಾಲ್ಕು ಸಾಲು ಬರೆದಿಡುವ ಅಭ್ಯಾಸ ನನಗೆ ಅಂಟಿಕೊಂಡದ್ದು ಬ್ಯಾಂಕಿನಲ್ಲಿ. 1975ರ ಸುಮಾರಿಗೆ ನಮ್ಮ ಶಾಖೆಯ ಹದಿನಾಲ್ಕು ಮಂದಿ ಸಂಬಳದ ದಿನ ತಲಾ ಎರಡು ರೂಪಾಯಿ ಹಾಕಿ ಪುಸ್ತಕ ಕೊಳ್ಳುತ್ತಿದ್ದೆವು. ಬಿ.ಕಾಂ. ಓದಿದವನೆಂದು ದುಡ್ಡಿನ ಲೆಕ್ಕ, ಪುಸ್ತಕದ ಲೆಕ್ಕ ಎರಡೂ ನನ್ನ ತಲೆಗೇ ಬಂತು. ‘ಯಾರು ಒಯ್ದರು’, ‘ಯಾವಾಗ ತಂದರು’ ಎಂಬ ಎರಡು ಕಲಂಗಳ ಪಕ್ಕದಲ್ಲಿ ಸುಮ್ಮನೆ ಇನ್ನೊಂದು ಗೆರೆ ಎಳೆದು ‘ಹೇಗಿತ್ತು?’ ಎಂದು ಬರೆದೆ.

ಆ ಮೂರನೆಯ ಕಲಂ ನೋಡದೆ ಯಾರೂ ಪುಸ್ತಕ ಮುಟ್ಟದಂತಾಯಿತು. ನಮ್ಮ ಕ್ಯಾಷಿಯರ್ ಒಮ್ಮೆ, ‘ರಾತ್ರಿ ಎರಡು ಗಂಟೆಯವರೆಗೆ ಓದಿದೆ. ಇವತ್ತು ಕ್ಯಾಷ್ ಟ್ಯಾಲಿ ಆಗದಿದ್ದರೆ ಈ ಕಾದಂಬರಿಯೇ ಹೊಣೆ’ ಎಂದು ಬರೆದರು. ಆ ಪುಸ್ತಕಕ್ಕೆ ಮೂರು ತಿಂಗಳು ಸರದಿ ಇತ್ತು!

ಗಳಗನಾಥರು ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಬರೆದವರೇ ಅಷ್ಟು ನಡೆದಿರುವಾಗ, ಓದಿದ ನಾವು ಪಕ್ಕದ ಮನೆಯವರೆಗಾದರೂ ಪುಸ್ತಕದ ಸುದ್ದಿ ಒಯ್ಯಬಾರದೇ?

ಈಗ ಮೈಸೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಬೀರು ಪುಸ್ತಕಗಳಿವೆ. ಶನಿವಾರ ಸಂಜೆ ನಮ್ಮ ಬೀದಿಯ ಮಕ್ಕಳು ಬಂದು ಒಯ್ಯುತ್ತಾರೆ. ಪ್ರತಿ ಪುಸ್ತಕದ ಹಿಂಬದಿ ರಟ್ಟಿನ ಒಳಗೆ ಒಂದು ಬಿಳಿ ಚೀಟಿ ಅಂಟಿಸಿದ್ದೇನೆ. ಓದಿದವರು ಅದರಲ್ಲಿ ಎರಡು ಮೂರು ಸಾಲು ಬರೆಯಬೇಕು. ‘ವಿಮರ್ಶೆ’ ಎಂದರೆ ಮಕ್ಕಳು ಪರೀಕ್ಷೆ ಬಂತೆಂದು ಹೆದರುತ್ತಾರೆ, ಅದಕ್ಕೆ ‘ಚೀಟಿ’ ಎಂದೇ ಕರೆಯುತ್ತೇವೆ. ಕೊನೆಗೆ ಏನಾಯಿತೆಂದು ಹೇಳುವಂತಿಲ್ಲ. ಹಿಡಿಸಲಿಲ್ಲವೆಂದರೆ ಹಾಗೇ ಬರೆಯಬಹುದು, ಆದರೆ ಯಾಕೆಂದು ಹೇಳಬೇಕು. ‘ತುಂಬಾ ಚೆನ್ನಾಗಿದೆ’ ಎಂಬ ಎರಡೇ ಪದಕ್ಕೆ ಮಾತ್ರ ನಿಷೇಧ. ಅದನ್ನು ಮಸಾಲೆ ದೋಸೆಗೂ ಹೇಳಬಹುದಲ್ಲ!

ಆರನೇ ತರಗತಿಯ ಹುಡುಗಿಯೊಬ್ಬಳು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಒಯ್ದಳು. ಅದು ನನ್ನ ಅಚ್ಚುಮೆಚ್ಚಿನ ಪುಸ್ತಕ. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸ್ವಾಮಿಯವರು ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವವನ್ನು, ತಾವೇ ಬಿಡಿಸಿದ ಚಿತ್ರಗಳೊಂದಿಗೆ, ನಗೆಚಾಟಿಕೆ ಬೆರೆಸಿ ಬರೆದದ್ದು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹುಡುಗಿ ಬರೆದ ಚೀಟಿ ಹೀಗಿತ್ತು: ‘ಗಿಡಗಳ ಹೆಸರು ಜಾಸ್ತಿ. ಸ್ಟೂಡೆಂಟ್ಸ್ ಮಾತಾಡುವಾಗ ನಗು ಬರುತ್ತೆ. ಹೆಸರು ಬಂದ ಕಡೆ ಹಾರಿಸಿ ಓದಿ.’

ಇದನ್ನು ನೋಡಿ ನಮ್ಮ ನೆರೆಯ ನಿವೃತ್ತ ಮೇಷ್ಟರಿಗೆ ಸಿಟ್ಟು ಬಂತು. ‘ಅಂಥ ದೊಡ್ಡವರ ಪುಸ್ತಕಕ್ಕೆ ಈ ಚಿಲ್ಟಾರಿ ಮಾರ್ಕ್ಸ್ ಕೊಡೋದೇನ್ರೀ? ಆ ಚೀಟಿ ಕಿತ್ತು ಹಾಕಿ’ ಎಂದರು. ನಾನು ಕೀಳಲಿಲ್ಲ. ಅವಳು ಪುಸ್ತಕ ಓದಿದ್ದಳು, ಓದಿದವರಿಗೆ ಹೇಳುವ ಹಕ್ಕಿದೆ. ಮುಂದಿನ ಎರಡು ತಿಂಗಳಲ್ಲಿ ಮೂರು ಮಕ್ಕಳು ಆ ಪುಸ್ತಕ ಒಯ್ದರು. ಅವರಲ್ಲೊಬ್ಬ ಅವಳ ಸಾಲಿನ ಕೆಳಗೇ ಬರೆದ: ‘ಹಾರಿಸಬೇಡಿ. ಹೆಸರಿನ ಪಕ್ಕದಲ್ಲೇ ಜೋಕ್ ಇರುತ್ತೆ.’ ಮೇಷ್ಟರಿಗೆ ಅದನ್ನೂ ತೋರಿಸಿದೆ. ಏನೂ ಹೇಳಲಿಲ್ಲ, ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು.

ನಾನು ಹೇಳಲೇಬೇಕಾದವನು ಇನ್ನೊಬ್ಬನಿದ್ದಾನೆ. ಏಳನೇ ತರಗತಿ, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡವೇ ಮಾತು, ಆದರೆ ಓದುವುದೆಂದರೆ ಒಂದೊಂದೇ ಅಕ್ಷರ ಕೂಡಿಸಿ ಓದಬೇಕು. ಅವನ ತಾಯಿ ‘ಇವನಿಗೆ ಕನ್ನಡ ಪುಸ್ತಕ ಕೊಡಬೇಡಿ, ಅರ್ಧಕ್ಕೆ ಬಿಟ್ಟು ಬೇಜಾರು ಮಾಡ್ಕೋತಾನೆ’ ಎಂದಿದ್ದರು. ಅವನು ಬರುತ್ತಿದ್ದುದೂ ಗೆಳೆಯರ ಜೊತೆಗೆ ಹರಟಲೆಂದೇ. ಒಂದು ದಿನ ತೇಜಸ್ವಿಯವರ ‘ಕರ್ವಾಲೊ’ ಪುಸ್ತಕದ ಚೀಟಿ ಅವನ ಕಣ್ಣಿಗೆ ಬಿತ್ತು: ‘ಇದರಲ್ಲಿ ಹಾರುವ ಓತಿ ಇದೆ. ಸಿಗುತ್ತೋ ಇಲ್ಲವೋ ಹೇಳಲ್ಲ.’

‘ನಿಜವಾಗ್ಲೂ ಹಾರುತ್ತಾ ತಾತ?’

‘ಚೀಟಿ ಬರೆದವನನ್ನೇ ಕೇಳಪ್ಪ.’

ಅವನು ಹೇಳಲಿಲ್ಲ. ಇವನು ಪುಸ್ತಕ ಒಯ್ದ. ಎರಡು ತಿಂಗಳಾದರೂ ತರಲಿಲ್ಲ. ಬಿಟ್ಟಿರಬೇಕು ಎಂದುಕೊಂಡೆ. ಆಮೇಲೆ ತಿಳಿಯಿತು, ಅವನು ಅದನ್ನು ಅಜ್ಜಿಯ ಪಕ್ಕ ಕೂತು ಗಟ್ಟಿಯಾಗಿ ಓದುತ್ತಿದ್ದನಂತೆ. ಆ ತಾಯಿ ಒಂದು ಕಾಲಕ್ಕೆ ವಾರಪತ್ರಿಕೆಯ ಧಾರಾವಾಹಿ ತಪ್ಪಿಸಿದವರಲ್ಲ. ಈಗ ದೃಷ್ಟಿ ಮಂಜಾಗಿ, ದಪ್ಪ ಅಕ್ಷರವೂ ಕಾಣದು. ಅವನಿಗೆ ಅಕ್ಷರ ಕಾಣುತ್ತಿತ್ತು, ಎಷ್ಟೋ ಪದ ಗೊತ್ತಿರಲಿಲ್ಲ. ಅವರಿಗೆ ಪದ ಗೊತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ದಿನಕ್ಕೆ ಎರಡು ಪುಟ, ರಾತ್ರಿ ಊಟವಾದ ಮೇಲೆ. ಅವನು ತಡವರಿಸಿದರೆ ಅಜ್ಜಿ ಮುಂದಿನ ಪದ ಊಹಿಸಿ ಹೇಳುವುದು, ಊಹೆ ತಪ್ಪಾದರೆ ಇಬ್ಬರೂ ನಗುವುದು. ಮೊದಮೊದಲು ಹೋಂವರ್ಕ್ ಕೆಡುತ್ತದೆಂದು ಗೊಣಗುತ್ತಿದ್ದ ಅವನ ತಾಯಿ ಕೊನೆಕೊನೆಗೆ ಪಾತ್ರೆ ತೊಳೆಯುವುದು ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ.

ಪುಸ್ತಕ ಮರಳಿ ಬಂದಾಗ ಚೀಟಿಯಲ್ಲಿ ಸೊಟ್ಟ ಅಕ್ಷರಗಳಲ್ಲಿ ಹೀಗಿತ್ತು: ‘ಮಂದಣ್ಣನಂಥವರು ನಮ್ಮೂರಲ್ಲೂ ಇದ್ದರು. ಕಾಡೆಲ್ಲ ಗೊತ್ತಿತ್ತು. ಅವರನ್ನು ಯಾರೂ ಏನೂ ಕೇಳಲಿಲ್ಲ. ಅಜ್ಜಿ ಹೇಳಿದ್ದು. ಓತಿ ವಿಷಯ ನಾನೂ ಹೇಳಲ್ಲ.’ ‘ಮಂದಣ್ಣ’ ಎಂಬುದರ ಒತ್ತಕ್ಷರ ಎರಡು ಸಲ ಹೊಡೆದು ತಿದ್ದಿದ್ದ.

ನಿಮ್ಮ ಮನೆಯಲ್ಲೂ ಬೀರು ತುಂಬ ಪುಸ್ತಕ ಬೇಕಾಗಿಲ್ಲ ಮಕ್ಕಳೇ. ಗ್ರಂಥಾಲಯದ ಪುಸ್ತಕಕ್ಕೆ ಅಂಟಿಸಲಾಗದು, ಅದಕ್ಕೆ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆ ಸಾಕು. ಮನೆಗೆ ಬಂದವರ ಕೈಗೆ ಸಿಗುವಂತೆ ಇಟ್ಟರಾಯಿತು.

ಅಜ್ಜಿ ಮೊಮ್ಮಗ ಈಗ ಗೊರೂರರ ‘ಹಳ್ಳಿಯ ಚಿತ್ರಗಳು’ ಒಯ್ದಿದ್ದಾರೆ. ಮರಳಿಸುವ ಶನಿವಾರ ದಾಟಿ ಮೂರು ವಾರವಾಯಿತು. ನಮ್ಮಲ್ಲಿ ದಂಡ ಹಾಕುವ ಪದ್ಧತಿ ಇಲ್ಲ.