ಇಬ್ರಾಹಿಂಪುರದಿಂದ ದರ್ಗಾ ಜೈಲಿನವರೆಗೆ

ಗದಗ–ಹೊಟಗಿ ರೈಲುಮಾರ್ಗದಲ್ಲಿ ವಿಜಯಪುರಕ್ಕೆ ಅಂಟಿಕೊಂಡಂತಿರುವ ಸಣ್ಣ ನಿಲ್ದಾಣ ಇಬ್ರಾಹಿಂಪುರ. ಹೆಸರಿನಲ್ಲಿ ಪುರವಿದ್ದರೂ ಈಗ ಇದು ನಗರದ್ದೇ ಒಂದು ಭಾಗ. ಇಲ್ಲಿಯ ಯಾವುದೋ ಮನೆಯ ಹುಡುಗನನ್ನು ಪೊಲೀಸರು ಹಿಡಿದೊಯ್ದರೆ ಮನೆಮಂದಿ ಎಲ್ಲೆಲ್ಲಿ ಅಲೆಯಬೇಕಾಗುತ್ತದೆ? ಆ ದಾರಿಯನ್ನೇ ಹಿಡಿದು ಹೊರಟೆ.

ಮೊದಲು ಗೊತ್ತಾಗಬೇಕಾದದ್ದು ಯಾವ ಠಾಣೆ ಎನ್ನುವುದು. ಮನೆ ಇಲ್ಲಿದ್ದರೂ ಪ್ರಕರಣ ಗಾಂಧಿಚೌಕ ಠಾಣೆಯಲ್ಲಿರಬಹುದು, ಗೋಳಗುಮ್ಮಟ ಠಾಣೆಯಲ್ಲಿರಬಹುದು, ತಿಕೋಟಾ ಇಲ್ಲವೇ ಬಬಲೇಶ್ವರದಲ್ಲೂ ಇರಬಹುದು. ಇಂಥ ಹೊತ್ತಿನಲ್ಲಿ ಓಣಿಯ ಹಿರಿಯರ ಕಾಲು ಹಿಡಿದು "ಸಾಹೇಬ್ರಿಗೆ ಒಂದ್ ಮಾತ್ ಹೇಳ್ರಿ ಕಾಕಾ" ಎನ್ನುವುದು ನಮ್ಮ ಕಡೆಯ ರೂಢಿ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಬಂಧನದ ಸುದ್ದಿಯನ್ನೂ ಎಲ್ಲಿ ಇಟ್ಟಿದ್ದಾರೆ ಎಂಬುದನ್ನೂ ಸಂಬಂಧಿಕರಿಗೋ ಸ್ನೇಹಿತರಿಗೋ ಕೂಡಲೇ ತಿಳಿಸುವುದು ಪೊಲೀಸರ ಕೆಲಸ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೂಬೇಕು. ಕಾಕಾ ಜೊತೆಗೆ ಬರಲಿ, ಧೈರ್ಯ ಬರುತ್ತದೆ. ಕೇಳುವ ಹಕ್ಕು ಮಾತ್ರ ಮನೆಯವರದೇ.

ಗೋಳಗುಮ್ಮಟದ ಕಡೆಯಿಂದ ಅರಕಿಲ್ಲೆಯತ್ತ ಬಂದರೆ ಅಸರ್ ಮಹಲ್ ಸಿಗುತ್ತದೆ. ಮುಹಮ್ಮದ್ ಆದಿಲಶಾಹ 1646ರ ಸುಮಾರಿಗೆ ಇದನ್ನು ಕಟ್ಟಿಸಿದ್ದು ನ್ಯಾಯದಾನಕ್ಕೆ. ಆಗ ದಾದ್ ಮಹಲ್ ಎಂದೇ ಹೆಸರು. ಆಮೇಲೆ ಪವಿತ್ರ ಅವಶೇಷಗಳು ಬಂದು ನ್ಯಾಯ ಹೊರಗೆ ನಡೆಯಿತು.

ಈಗಿನ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕರಿಕೋಟುಗಳ ನಡುವೆ ಹುಡುಕಬೇಕಾದ ಬಾಗಿಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ್ದು. 1987ರ ಕಾಯ್ದೆಯಂತೆ ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವಕೀಲರನ್ನು ಉಚಿತವಾಗಿ ಕೊಡಬೇಕು. "ಪುಕ್ಕಟೆ ವಕೀಲ ಏನ್ ವಾದಾ ಮಾಡ್ಯಾನು" ಎನ್ನುವ ಅನುಮಾನ ಜನರಲ್ಲಿದೆ, ಅದು ಪೂರ್ತಿ ಸುಳ್ಳೂ ಅಲ್ಲ. ಆದರೂ ಬಡ್ಡಿಗೆ ಸಾಲ ಎತ್ತುವ ಮೊದಲು ಈ ಬಾಗಿಲು ತಟ್ಟದಿರುವುದು ದಡ್ಡತನ.

ನಿಜವಾಗಿ ಮನೆಮಂದಿಯ ಕಾಲು ಸೋಲುವುದು ಬೇಲ್ ಸಿಕ್ಕ ಮೇಲೆ. ಕೋರ್ಟು ಜಾಮೀನು ಕೊಟ್ಟಿರುತ್ತದೆ, ಹುಡುಗ ಮನೆಗೆ ಬಂದಿರುವುದಿಲ್ಲ. ಕಾರಣ ಉತಾರ, ಅಂದರೆ ಪಹಣಿ. ಜಾಮೀನು ನಿಲ್ಲುವವರು ಹೊಲದ ಉತಾರ ತರಬೇಕು. ಬಾಡಿಗೆ ಮನೆಯಲ್ಲಿ ಇರುವವರಿಗೆ ಉತಾರ ಎಲ್ಲಿಂದ ಬರಬೇಕು? ತಿಕೋಟಾ ಕಡೆ ದ್ರಾಕ್ಷಿ ಪಡ ಇರುವ ಸೋದರಮಾವನೋ ಬಬಲೇಶ್ವರದ ಬೀಗರೋ ನೆನಪಾಗುತ್ತಾರೆ. ಅವರಿಗೋ ಹೊಲ ಹೋದೀತೆಂಬ ಭಯ. ಜಾಮೀನುದಾರ ಬರೆದುಕೊಡುವುದು ಹೊಲವನ್ನಲ್ಲ. ಆರೋಪಿ ತಾರೀಖಿಗೆ ಬರದೆ ತಪ್ಪಿಸಿಕೊಂಡರೆ ಬಾಂಡಿನಲ್ಲಿ ಬರೆದ ಮೊತ್ತಕ್ಕೆ ಅವನು ಹೊಣೆ, ಅಷ್ಟೇ. ಇದನ್ನು ಬಿಡಿಸಿ ಹೇಳುವವರಿಲ್ಲದೆ ಎಷ್ಟೋ ಬೀಗತನ ಕೆಡುತ್ತದೆ. ಬಾಡಿಗೆಗೆ ಜಾಮೀನು ನಿಲ್ಲುವವರು ಹುಟ್ಟಿಕೊಳ್ಳುವುದೂ ಇಲ್ಲಿಯೇ. ಅವರ ಉತಾರ ಖೊಟ್ಟಿಯಾಗಿದ್ದರೆ ಒಂದು ಕೇಸಿಗೆ ಎರಡಾಗುತ್ತವೆ.

ಇದು ಇವತ್ತಿನ ಗೋಳಲ್ಲ. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗವಂಡಿಯಿಂದ ಕೆಳಗಿನ ಕೋರ್ಟು 10,000 ರೂಪಾಯಿಯ ಜಾಮೀನು ಕೇಳಿತ್ತು. ಸೋದರ ಬೇರೆ ಜಿಲ್ಲೆಯವನೆಂದು ಅವನ ಜಾಮೀನನ್ನೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಖಂಡಿಸಿ, ಅವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ಜಾಮೀನು ಕೊಡಬಹುದಾದ ಸಣ್ಣ ಅಪರಾಧಗಳಲ್ಲಿ ಬಂಧನವಾಗಿ ಒಂದು ವಾರದಲ್ಲಿ ಜಾಮೀನುದಾರ ಸಿಗದಿದ್ದರೆ, ಆರೋಪಿ ನಿರ್ಗತಿಕನೆಂದು ತಿಳಿದು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಈಗಿನ ಕಾನೂನೇ ಹೇಳುತ್ತದೆ. ದೊಡ್ಡ ಪ್ರಕರಣಗಳಿಗೂ ಒಂದು ದಾರಿಯಿದೆ: ಜಾಮೀನು ಸಿಕ್ಕು ಏಳು ದಿನವಾದರೂ ಬಂಧಿ ಹೊರಬರದಿದ್ದರೆ ಜೈಲಿನ ಅಧೀಕ್ಷಕರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2023ರ ಜನವರಿ 31ರಂದು ಸೂಚಿಸಿದೆ. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟು ತಾನಾಗಿಯೇ ಪರಿಗಣಿಸಬಹುದು.

ಕೊನೆಗೆ ಬಂದದ್ದು ಕೇಂದ್ರ ಕಾರಾಗೃಹಕ್ಕೆ, ಊರವರ ಬಾಯಲ್ಲಿ ದರ್ಗಾ ಜೈಲು. ಭೇಟಿಗೆ ಬರುವವರು ಗುರುತಿನ ಚೀಟಿ ಮರೆಯಬಾರದು. ಒಳಗೆ ಹೋದಾಗ ಅತ್ತು ಕರೆದು ಸಮಯ ಕಳೆಯುವುದಕ್ಕಿಂತ ಎರಡು ಪ್ರಶ್ನೆ ಕೇಳಿ ಬರೆದುಕೊಳ್ಳುವುದು ಮೇಲು: ವಕೀಲರು ಬಂದಿದ್ದರೇ, ಮುಂದಿನ ತಾರೀಖು ಯಾವಾಗ? ಇಲ್ಲಿ ಜಾಮೀನು ಸಿಗದಿದ್ದರೆ ಹೈಕೋರ್ಟಿಗೆ ಹೋಗಬೇಕು. ವಿಜಯಪುರದವರಿಗೆ ಅದೆಂದರೆ ಕಲಬುರಗಿ ಪೀಠ, ಬಸ್ಸಿನ ಖರ್ಚು, ಒಂದು ದಿನದ ಕೂಲಿ ಖೋತಾ.

ನಿಮ್ಮ ಹತ್ತಿರ ಉತಾರ ಕೇಳಿಕೊಂಡು ಯಾರಾದರೂ ಬಂದರೆ ಬಾಂಡಿನ ಮೊತ್ತ ಎಷ್ಟೆಂದು ಓದಿಸಿ ಕೇಳಿ, ಆಮೇಲೆ ಒಲ್ಲೆ ಎನ್ನಿ. ಉತಾರವೇ ಇಲ್ಲದವರು ಮೊದಲು 15100ಕ್ಕೆ ಫೋನು ಮಾಡಲಿ. ಅದು ಕಾನೂನು ನೆರವಿನ ಸಹಾಯವಾಣಿ, ದುಡ್ಡು ಬೀಳುವುದಿಲ್ಲ.