ಸ್ಟೆಪ್ನಿಯಲ್ಲಿ ಗಾಳಿ ಇದೆಯೇ?

ಛತ್ರಪತಿ ಸಂಭಾಜಿನಗರದಿಂದ ಧುಳೆ ಕಡೆಗೆ ಹೊರಟರೆ ರಸ್ತೆ ಬದಿಯ ಫಲಕಗಳಲ್ಲಿ ‘ಕನ್ನಡ’ ಎಂಬ ಹೆಸರು ಕಾಣುತ್ತದೆ. ಅದು ಭಾಷೆಯಲ್ಲ, ಈ ಜಿಲ್ಲೆಯದೇ ಒಂದು ತಾಲ್ಲೂಕು ಕೇಂದ್ರ. ಇಲ್ಲಿಗೆ ಬಂದ ಹೊಸದರಲ್ಲಿ ದೇವನಾಗರಿಯ ಆ ಬೋರ್ಡ್ ಹೊತ್ತ ಬಸ್ಸಿನ ಫೋಟೊ ತೆಗೆದು ಊರಿಗೆ ಕಳಿಸಿದ್ದೆ. ‘ಅಲ್ಲೂ ಕನ್ನಡದ ಬಸ್ ಅದಾವೇನೋ?’ ಎಂದು ಅವ್ವ ಖುಷಿಪಟ್ಟಿದ್ದಳು. ಇದೇ 52ನೇ ರಾಷ್ಟ್ರೀಯ ಹೆದ್ದಾರಿ ದಕ್ಷಿಣಕ್ಕೆ ಬೀಡ್, ಸೊಲ್ಲಾಪುರ ದಾಟಿ ನಮ್ಮ ವಿಜಯಪುರವನ್ನೇ ಮುಟ್ಟುತ್ತದೆ. ಜೋಳದ ರೊಟ್ಟಿ ಇಲ್ಲಿ ಭಾಕ್ರಿ ಆಗಿದೆ, ಅಷ್ಟೇ.

ನಾನಿರುವುದು ನಗರದ ಹೊರಗಿನ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ. 1985ರಲ್ಲಿ ಬಜಾಜ್ ಆಟೊ ಕಾರ್ಖಾನೆ ಇಲ್ಲಿ ಶುರುವಾದ ಮೇಲೆ ಅದರ ಸುತ್ತ ಬಿಡಿಭಾಗ ತಯಾರಿಸುವ ನೂರಾರು ಘಟಕಗಳು ಬೆಳೆದವು. ಅಂಥದ್ದೊಂದು ಘಟಕದ ಸರ್ವರ್ ರೂಮು ನನ್ನ ಕಾರ್ಯಕ್ಷೇತ್ರ. ‘ಎಂ.ಟೆಕ್ ಮಾಡಿ ಬೆಂಗಳೂರು ಬಿಟ್ಟು ಅಲ್ಲಿಗ್ಯಾಕ ಹೋದಿ?’ ಎಂದು ಮಾವ ಪ್ರತಿ ದೀಪಾವಳಿಗೂ ಕೇಳುತ್ತಾರೆ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಈ ಕಥೆಯಲ್ಲಿ ತಪ್ಪು ಮಾಡಿದವನು ನಾನೇ.

ನಮ್ಮಲ್ಲಿ ಆಳೆತ್ತರದ ಒಂದು ಸರ್ವರ್ ಇದೆ. ಹೊರಗಿನಿಂದ ಒಂದೇ ಯಂತ್ರ, ಒಳಗೆ ಹಲವು. ಅಣ್ಣ ತಮ್ಮಂದಿರು ಪಾಲಾದ ಹಳೆಯ ವಾಡೆಯನ್ನು ನೆನೆಸಿಕೊಳ್ಳಿ. ತಲಬಾಗಿಲು ಒಂದೇ, ಒಲೆ ಮಾತ್ರ ಬೇರೆ ಬೇರೆ. ಒಂದು ಪಾರ್ಟಿಷನ್‌ನಲ್ಲಿ ಲೆಕ್ಕಪತ್ರದ ಡೇಟಾಬೇಸ್, ಇನ್ನೊಂದರಲ್ಲಿ ಉತ್ಪಾದನೆಯ ಯೋಜನೆ, ಮೂರನೆಯದರಲ್ಲಿ ನಮ್ಮ ಪ್ರಯೋಗಗಳು. ಒಬ್ಬರ ಮನೆಯ ಗಲಾಟೆ ಮತ್ತೊಬ್ಬರಿಗೆ ಕೇಳಿಸಬಾರದು.

ಇಡೀ ವಾಡೆಯ ಉಸ್ತುವಾರಿಗೆ ಮ್ಯಾನೇಜ್‌ಮೆಂಟ್ ಪ್ರೊಸೆಸರ್ ಎಂಬ ಪುಟ್ಟ ಕಂಪ್ಯೂಟರ್ ಇದೆ. ಅದು ಲೆಕ್ಕ ಬರೆಯುವುದಿಲ್ಲ, ಬಿಲ್ ಮುದ್ರಿಸುವುದಿಲ್ಲ. ಯಾವ ಬೋರ್ಡ್ ಯಾರ ಪಾಲಿನದು ಎಂಬ ದಾಖಲೆ ಇಟ್ಟುಕೊಳ್ಳುತ್ತದೆ. ವಿದ್ಯುತ್ ಕೊಡುತ್ತದೆ, ತೆಗೆಯುತ್ತದೆ. ಫ್ಯಾನು, ಬಿಸಿ, ವೋಲ್ಟೇಜ್ ನೋಡುತ್ತದೆ. ಪಾರ್ಟಿಷನ್ ಮಲಗಿಬಿಟ್ಟರೆ ಒಳಹೊಕ್ಕು ಎಬ್ಬಿಸಲು ಕನ್ಸೋಲ್ ಎಂಬ ಹಿಂಬಾಗಿಲನ್ನು ತೆರೆದುಕೊಡುವುದೂ ಅದೇ.

ಇಷ್ಟೆಲ್ಲ ಒಬ್ಬನ ಕೈಗೆ ಕೊಟ್ಟು, ಅವನೇ ಬಿದ್ದರೆ? ಸನ್ ಮೈಕ್ರೊಸಿಸ್ಟಮ್ಸ್ 1997ರಲ್ಲಿ ತಂದ, 64 ಪ್ರೊಸೆಸರ್‌ಗಳವರೆಗೆ ಹಿಡಿಸುತ್ತಿದ್ದ ಎಂಟರ್‌ಪ್ರೈಸ್ 10000 ಯಂತ್ರದಲ್ಲಿ ಈ ಮೇಲ್ವಿಚಾರಕ ಹೊರಗೆ ಇಟ್ಟ ಬೇರೆಯದೇ ಕಂಪ್ಯೂಟರ್ ಆಗಿತ್ತು. 2001ರ ಸನ್ ಫೈರ್ 15ಕೆ ಬರುವ ಹೊತ್ತಿಗೆ ಸಿಸ್ಟಮ್ ಕಂಟ್ರೋಲರ್‌ಗಳು ಪೆಟ್ಟಿಗೆಯ ಒಳಗೇ ಬಂದವು. 18 ಡೊಮೇನ್‌ಗಳವರೆಗೆ ಪಾಲು ಮಾಡಬಹುದಾಗಿದ್ದ ಆ ಯಂತ್ರಕ್ಕೆ ಎರಡು ಕಂಟ್ರೋಲರ್: ಒಂದು ಮುಖ್ಯ, ಇನ್ನೊಂದು ಬದಲಿ. ಐಬಿಎಂ ಕೂಡ ತನ್ನ ದೊಡ್ಡ ಸರ್ವರ್‌ಗಳಲ್ಲಿ ಜೋಡಿ ಸರ್ವಿಸ್ ಪ್ರೊಸೆಸರ್ ಇಟ್ಟಿತು. ಮುಖ್ಯ ಪ್ರೊಸೆಸರ್ ಖಾಸಗಿ ತಂತಿಯಲ್ಲಿ ಆಗಾಗ ‘ಇದ್ದೇನೆ’ ಎನ್ನುತ್ತಿರುತ್ತದೆ. ಅದನ್ನು ಹಾರ್ಟ್‌ಬೀಟ್ ಎನ್ನುತ್ತೇವೆ. ಅದು ನಿಂತರೆ ಬದಲಿಯದು ಅಧಿಕಾರ ವಹಿಸಿಕೊಳ್ಳುತ್ತದೆ. ಇದೇ ಫೇಲ್‌ಓವರ್. ಪಾರ್ಟಿಷನ್‌ಗಳು ಏನೂ ಆಗದವರಂತೆ ಕೆಲಸ ಮುಂದುವರಿಸಬೇಕು.

ಹೇಳಲು ಸುಲಭ. ಆದರೆ ಮೌನ ಎಂದರೆ ಸಾವೇ ಎಂದೇನಿಲ್ಲ. ನಡುವಿನ ತಂತಿ ಕಿತ್ತಿದ್ದರೂ ಮೌನವೇ. ಆಗ ಇಬ್ಬರೂ ‘ನಾನೇ ಯಜಮಾನ’ ಎಂದು ಆಜ್ಞೆ ಕೊಡತೊಡಗಿದರೆ, ಒಬ್ಬ ಹಚ್ಚಿದ ದೀಪವನ್ನು ಇನ್ನೊಬ್ಬ ಆರಿಸಿದಂತೆ. ಅದಕ್ಕೇ ಹಾರ್ಟ್‌ಬೀಟ್‌ಗೆ ಒಂದಕ್ಕಿಂತ ಹೆಚ್ಚು ದಾರಿ ಇಡುತ್ತಾರೆ. ಅಧಿಕಾರ ಹಿಡಿಯುವವನು ಮೊದಲು ಹಳಬನನ್ನು ರೀಸೆಟ್ ಮಾಡಿ ಬಾಯಿ ಮುಚ್ಚಿಸುತ್ತಾನೆ. ಪಾಲುಪಟ್ಟಿಯೂ ಹೊಸಬನ ಬಳಿ ಮೊದಲೇ ನಕಲಾಗಿರಬೇಕು, ಇಲ್ಲದಿದ್ದರೆ ಕೀಲಿಕೈ ಸಿಕ್ಕರೂ ಯಾವ ಬಾಗಿಲಿನದೆಂದು ಗೊತ್ತಾಗುವುದಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಹೊಸಬರಿಗೆ ಪಾಠವನ್ನೂ ಮಾಡುತ್ತಿದ್ದೆ.

ಒಂದು ರಾತ್ರಿ ಎರಡನೇ ಪಾಳಿಯ ಕೊನೆಗೆ ಫೋನ್ ಬಂತು. ಲೆಕ್ಕಪತ್ರದ ಪಾರ್ಟಿಷನ್ ಸ್ತಬ್ಧವಾಗಿದೆ, ಮಾಲಿನ ಚಲನ್ ಮುದ್ರಣವಾಗುತ್ತಿಲ್ಲ, ಗೇಟಿನಲ್ಲಿ ಲಾರಿಗಳು ನಿಂತಿವೆ. ಮನೆಯಿಂದಲೇ ಕನ್ಸೋಲ್ ತೆರೆಯಲು ನೋಡಿದೆ, ಉತ್ತರವಿಲ್ಲ. ಓಡಿದೆ. ಮುಖ್ಯ ಪ್ರೊಸೆಸರ್ ಸತ್ತು ಒಂಬತ್ತು ದಿನವಾಗಿತ್ತು! ಅದಿಲ್ಲದೆಯೂ ಪಾರ್ಟಿಷನ್‌ಗಳು ಓಡುತ್ತಲೇ ಇದ್ದುದರಿಂದ ಯಾರಿಗೂ ಸುಳಿವಿರಲಿಲ್ಲ. ಎಚ್ಚರಿಕೆಯ ಇ-ಮೇಲ್ ಕಳಿಸಬೇಕಾಗಿದ್ದದ್ದೂ ಅದೇ ತಾನೆ. ಒಂಬತ್ತು ದಿನ ಮೇಲ್ ಬರದಿದ್ದುದನ್ನು ನಾವು ಆರೋಗ್ಯ ಎಂದುಕೊಂಡಿದ್ದೆವು.

ಹಾಗಾದರೆ ಎರಡನೆಯದು? ಅದರ ಹಸಿರು ದೀಪ ಉರಿಯುತ್ತಲೇ ಇತ್ತು. ಸೀರಿಯಲ್ ಕೇಬಲ್ ಚುಚ್ಚಿ ನೋಡಿದರೆ, ಫೇಲ್‌ಓವರ್: ನಿಷ್ಕ್ರಿಯ. ಐದು ತಿಂಗಳ ಹಿಂದೆ ಫರ್ಮ್‌ವೇರ್ ಬದಲಿಸುವಾಗ, ನಡುವೆ ಅಧಿಕಾರ ಅದಲುಬದಲಾಗಬಾರದೆಂದು ನಾನೇ ಅದನ್ನು ಆರಿಸಿದ್ದೆ. ಕೆಲಸ ಮುಗಿಸಿ, ಚಹಾ ಕುಡಿದು, ಮತ್ತೆ ಹಚ್ಚುವುದನ್ನು ಮರೆತಿದ್ದೆ. ಕೈಯಾರೆ ಬದಲಿಯದಕ್ಕೆ ಅಧಿಕಾರ ಕೊಟ್ಟು ಡೇಟಾಬೇಸ್ ಎಬ್ಬಿಸುವಷ್ಟರಲ್ಲಿ ಮೂರು ತಾಸು. ಡೇಟಾ ಹೋಗಲಿಲ್ಲ. ಲಾರಿಗಳು ತಡವಾದವು. ಬೆಳಗಿನ ಸಭೆಯಲ್ಲಿ ‘ಯಂತ್ರ ಕೈಕೊಟ್ಟಿತು’ ಎನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಆದರೆ ಲಾಗ್‌ನಲ್ಲಿ ನನ್ನ ಹೆಸರಿತ್ತು, ಹೇಳಿಬಿಟ್ಟೆ. ಲಾಗ್‌ನಲ್ಲಿ ಇಲ್ಲದಿದ್ದರೆ ಹೇಳುತ್ತಿದ್ದೆನೋ ಏನೋ.

ಇದು ಸಣ್ಣ ಘಟಕಗಳ ಅಸಡ್ಡೆ ಮಾತ್ರ ಅಲ್ಲ. 2021ರ ಫೆಬ್ರುವರಿ 24ರಂದು ಮುಂಬೈನ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ವಹಿವಾಟು ಬೆಳಿಗ್ಗೆ 11.40ಕ್ಕೆ ನಿಂತು, ಮತ್ತೆ ಆರಂಭವಾದದ್ದು ಮಧ್ಯಾಹ್ನ 3.45ಕ್ಕೆ. ದೂರಸಂಪರ್ಕ ಜಾಲಕ್ಕೆ ಇಬ್ಬರು ಸೇವಾದಾರರಿದ್ದರು, ಇಬ್ಬರ ಜಾಲದಲ್ಲೂ ತೊಂದರೆಯಾಗಿತ್ತು. ವಿಪತ್ತಿಗೆಂದೇ ಇದ್ದ ಬದಲಿ ಕೇಂದ್ರಕ್ಕೆ ವಹಿವಾಟು ಆ ದಿನ ಹೋಗಲಿಲ್ಲ. ಮೂರು ವರ್ಷದ ಬಳಿಕ, 2024ರ ಮಾರ್ಚ್ 2ರ ಶನಿವಾರ, ವಹಿವಾಟನ್ನು ಬದಲಿ ಕೇಂದ್ರಕ್ಕೆ ಸಾಗಿಸುವ ವಿಶೇಷ ಅಧಿವೇಶನ ನಡೆಯಿತು. ಅದು ಅಣಕು ಪ್ರದರ್ಶನವಲ್ಲ. ನಿಜವಾದ ಹಣ, ನಿಜವಾದ ಷೇರು. ನನಗೆ ಹಿಡಿಸಿದ್ದು ಇದೇ.

ನಮ್ಮ ಕಾರ್ಖಾನೆಯಲ್ಲಿ ಡೀಸೆಲ್ ಜನರೇಟರ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ಎಲ್ಲರಿಗೂ ‘ಮಾಮಾ’. ಕರೆಂಟ್ ಇರಲಿ ಬಿಡಲಿ, ಸೋಮವಾರ ಅದನ್ನು ಓಡಿಸುತ್ತಾರೆ, ಅದೂ ಲೋಡ್ ಕೊಟ್ಟು. ಡೀಸೆಲ್ ದಂಡ ಎಂದು ನಾವು ನಗುತ್ತಿದ್ದೆವು. ಆ ರಾತ್ರಿಯ ಮರುದಿನ ಅವರಿಗೆ ವಿಷಯ ತಿಳಿಸಿದೆ. ‘ಬಂದ್ ಠೇವಲಂ ತರ ಐನ್‌ವೇಳಿ ನಖರೆ ಕರ್ತಂ’ ಎಂದರು. ಸುಮ್ಮನೆ ನಿಲ್ಲಿಸಿಟ್ಟರೆ ಬೇಕಾದ ಹೊತ್ತಿಗೇ ನಖರಾ ಮಾಡುತ್ತದೆ ಅಂತ. ಆಮೇಲೆ, ನಿಮ್ಮ ಗಾಡಿಯ ಸ್ಟೆಪ್ನಿಗೆ ಕಡೆಯ ಸಲ ಗಾಳಿ ಹಾಕಿಸಿದ್ದು ಯಾವಾಗ ಎಂದು ಕೇಳಿದರು. ನನಗೆ ನೆನಪಿರಲಿಲ್ಲ.

ಈಗ ತಿಂಗಳ ಮೊದಲ ಶನಿವಾರ, ಪಾಳಿ ಬದಲಾಗುವ ಹೊತ್ತಿನಲ್ಲಿ, ಮುಖ್ಯ ಪ್ರೊಸೆಸರನ್ನು ಬೇಕೆಂದೇ ಇಳಿಸಿ ಬದಲಿಯದನ್ನು ಕೂರಿಸುತ್ತೇವೆ. ಮುಂದಿನ ತಿಂಗಳವರೆಗೆ ಅದೇ ಯಜಮಾನ. ಹೊರಗಿನ ಇನ್ನೊಂದು ಕಂಪ್ಯೂಟರ್ ಗಂಟೆಗೊಮ್ಮೆ ಇಬ್ಬರನ್ನೂ ಮಾತಾಡಿಸುತ್ತದೆ. ಉತ್ತರ ಬಾರದಿದ್ದರೆ ನನ್ನ ಫೋನ್ ಬಡಿದುಕೊಳ್ಳುತ್ತದೆ. ಇದಕ್ಕೆ ಒಪ್ಪಿಗೆ ಪಡೆಯಲು ಎರಡು ತಿಂಗಳು ಹಿಡಿಯಿತು. ‘ಓಡುತ್ತಿರುವುದನ್ನು ಯಾಕೆ ಮುಟ್ಟುತ್ತೀರಿ?’ ಎಂಬುದೇ ಎಲ್ಲರ ಪ್ರಶ್ನೆ.

ಕಳೆದ ಶನಿವಾರ ಅದಲುಬದಲು ಸಲೀಸಾಗಿ ಆಯಿತು. ಹೊಸ ಯಜಮಾನನ ಗಡಿಯಾರ ಮಾತ್ರ ನಾಲ್ಕು ನಿಮಿಷ ಹಿಂದಿತ್ತು. ಸರಿಪಡಿಸಿ, ಫೇಲ್‌ಓವರ್ ‘ಸಕ್ರಿಯ’ ಎಂದು ತೋರಿಸುವ ಪರದೆಯ ಫೋಟೊ ತೆಗೆದು ಹೊರಬಂದೆ. ಗೇಟಿನ ಬಳಿ ಮಾಮಾ ಸಿಕ್ಕರು. ನನ್ನ ಕಾರಿನ ಡಿಕ್ಕಿ ತೆರೆಸಿ, ಸ್ಟೆಪ್ನಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಪಂಕ್ಚರ್ ಅಂಗಡಿಯ ಕಡೆ ಕೈ ತೋರಿಸಿದರು.