ದಾರಿ ಮುಚ್ಚಿದಲ್ಲಿ ಬೆಳೆದ ಊರು

ಮೆಡಿಟರೇನಿಯನ್ ಕಡಲತೀರದ ವಿಲಾಸನಗರಿಗಳಲ್ಲಿ ಫ್ರಾನ್ಸಿನ ಕಾನ್ ಪಟ್ಟಣದ ಖ್ಯಾತಿ ದೊಡ್ಡದು. ದಂಡೆಯುದ್ದಕ್ಕೂ ತಾಳೆಮರಗಳ ಸಾಲು, ನೀಲಿ ನೀರಿನ ಮೇಲೆ ಸಿರಿವಂತರ ವಿಹಾರನೌಕೆಗಳು, 1946ರಲ್ಲಿ ಆರಂಭವಾದ ಚಲನಚಿತ್ರೋತ್ಸವ, ಇವೆಲ್ಲ ಆ ಊರಿನ ವೈಭವ. ಆದರೆ ಈ ವೈಭವದ ಮೂಲದಲ್ಲಿರುವುದು ಅರ್ಧಕ್ಕೆ ನಿಂತ ಒಂದು ಪ್ರಯಾಣ. 1834ರಲ್ಲಿ ಇಂಗ್ಲೆಂಡಿನ ರಾಜಕಾರಣಿ ಲಾರ್ಡ್ ಬ್ರೂಮ್ ಅಸ್ವಸ್ಥಳಾಗಿದ್ದ ಮಗಳೊಡನೆ ಇಟಲಿಗೆ ಹೊರಟಿದ್ದರು. ಕಾಲರಾ ಭೀತಿಯಿಂದ ಗಡಿ ಮುಚ್ಚಿತ್ತು. ವಿಧಿಯಿಲ್ಲದೆ ಹಿಂದಿರುಗಿದ ಅವರು ಆಗ ಬೆಸ್ತರ ಹಳ್ಳಿಯಾಗಿದ್ದ ಕಾನ್‌ನಲ್ಲಿ ತಂಗಿದರು; ಅಲ್ಲಿಯ ಹವೆಗೆ ಮನಸೋತು ಮನೆ ಕಟ್ಟಿಸಿದರು. ಅವರ ಬೆನ್ನಿಗೇ ಶ್ರೀಮಂತರು ಬಂದರು, ಹಳ್ಳಿ ನಗರವಾಯಿತು.

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಕಡಲಿಲ್ಲ. ಅಲ್ಲಿ ಅಲೆಯಾಡುವುದು ಮುಸುಕಿನ ಜೋಳದ ಹೊಲ. ಆದರೂ ರಜೆಯ ದಿನಗಳಲ್ಲಿ ಪ್ರವಾಸಿಗಳ ವಾಹನಗಳಿಂದ ಅದರ ದಾರಿ ತುಂಬಿಹೋಗುತ್ತದೆ. ಈ ಊರಿನ ಕೀರ್ತಿಗೂ ಮುಚ್ಚಿಹೋದ ಒಂದು ದಾರಿಯೇ ಕಾರಣ. ಬ್ರೂಮ್ ಅವರಿಗೆ ಮುಚ್ಚಿದ್ದು ಮುಂದಿನ ದಾರಿ. ಇಲ್ಲಿಗೆ ಬಂದವರಿಗೆ ಮುಚ್ಚಿದ್ದು ಮನೆಗೆ ಮರಳುವ ದಾರಿ.

1959ರಲ್ಲಿ ದಲಾಯಿ ಲಾಮಾ ಅವರು ಟಿಬೆಟ್ಟನ್ನು ತೊರೆದು ಭಾರತದ ಆಶ್ರಯ ಪಡೆದರು. ಸಹಸ್ರಾರು ಜನ ಅವರನ್ನು ಹಿಂಬಾಲಿಸಿದರು. ನಿರಾಶ್ರಿತರ ನೆಲೆಗಾಗಿ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯ ಬಳಿ ಅರಣ್ಯಭೂಮಿಯನ್ನು ಒದಗಿಸಿತು. 1960-61ರ ವೇಳೆಗೆ ಮೊದಲ ತಂಡಗಳು ಬಂದಿಳಿದವು. ಹಿಮದ ನಾಡಿನವರಿಗೆ ಇಲ್ಲಿಯ ಬಿಸಿಲು ಅಸಹನೀಯವಾಗಿತ್ತು. ಡೇರೆಗಳಲ್ಲಿ ವಾಸ, ಕಾಡು ಕಡಿಯುವ ಕೆಲಸ, ಇರುಳಿನಲ್ಲಿ ಆನೆಗಳ ಭಯ. ಕೆಲವೇ ವರ್ಷಗಳಲ್ಲಿ ಊರಿಗೆ ಮರಳುವೆವೆಂದು ನಂಬಿದ್ದ ಹಿರಿಯರಲ್ಲಿ ಬಹುಮಂದಿ ಈ ಮಣ್ಣಿನಲ್ಲಿಯೇ ಕಣ್ಮುಚ್ಚಿದರು.

ಮೈಸೂರಿನಿಂದ ಮಡಿಕೇರಿಯ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರು ಸಾಗಿ, ಕಾವೇರಿಯನ್ನು ದಾಟಿ ಕುಶಾಲನಗರವನ್ನು ಸೇರುವ ಮುನ್ನ, ಕೊಪ್ಪದಲ್ಲಿ ತಿರುಗಿದರೆ ಬಣ್ಣದ ಪತಾಕೆಗಳು ಕಾಣತೊಡಗುತ್ತವೆ. ಇಲ್ಲಿಯ ಮುಖ್ಯ ಆಕರ್ಷಣೆ ನಾಮ್‌ಡ್ರೋಲಿಂಗ್ ಮಠ. 1963ರಲ್ಲಿ ಪೆನೋರ್ ರಿಂಪೋಚೆಯವರು ಬೆರಳೆಣಿಕೆಯ ಭಿಕ್ಷುಗಳೊಡನೆ ಇದನ್ನು ಸ್ಥಾಪಿಸಿದಾಗ ಇದ್ದುದು ಬಿದಿರಿನ ಒಂದು ಪುಟ್ಟ ಗುಡಿ. ಇಂದು ಜನ ‘ಗೋಲ್ಡನ್ ಟೆಂಪಲ್’ ಎಂದು ಕರೆಯುವ ಮಂದಿರ 1999ರಲ್ಲಿ ಉದ್ಘಾಟನೆಗೊಂಡಿತು. ಅಲ್ಲಿ ಸುಮಾರು 60 ಅಡಿ ಎತ್ತರದ ಬುದ್ಧನೂ ಅವನ ಇಕ್ಕೆಲಗಳಲ್ಲಿ ಪದ್ಮಸಂಭವ ಮತ್ತು ಅಮಿತಾಯುಗಳೂ ಚಿನ್ನದ ಮೆರುಗಿನಲ್ಲಿ ವಿರಾಜಿಸುತ್ತಾರೆ. ಸಮೀಪದಲ್ಲಿಯೇ ಲ್ಹಾಸಾದ ಪುರಾತನ ಸೆರಾ ವಿದ್ಯಾಪೀಠವೂ ಮರುಹುಟ್ಟು ಪಡೆದಿದೆ.

ಬಂದವರು ಚಿನ್ನವನ್ನು ನೋಡುತ್ತಾರೆ, ಚಿತ್ರ ತೆಗೆಯುತ್ತಾರೆ, ಮೊಮೊ ಮತ್ತು ತುಕ್ಪಾಗಳ ರುಚಿ ನೋಡಿ ಹೊರಡುತ್ತಾರೆ. ಆದರೆ ಆ ಚಿನ್ನದ ಹಿಂದಿರುವ ಬಾಳು ಅವರ ಕಣ್ಣಿಗೆ ಬೀಳುವುದು ಅಪರೂಪ. ಜೋಳದ ಬೇಸಾಯ, ರತ್ನಗಂಬಳಿಯ ನೇಯ್ಗೆ, ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಉಣ್ಣೆಯ ಬಟ್ಟೆಗಳ ಮಾರಾಟ, ಇವುಗಳಿಂದ ಈ ಜನ ಸಂಸಾರ ಸಾಗಿಸಿದ್ದಾರೆ. ಇಲ್ಲಿಯೇ ಹುಟ್ಟಿ ಸರಾಗವಾಗಿ ಕನ್ನಡ ನುಡಿಯುವವರಲ್ಲಿಯೂ ಅನೇಕರು ವಿದೇಶೀಯರೆಂಬ ನೋಂದಣಿಪತ್ರ ಹಿಡಿದೇ ಬಾಳುತ್ತಾರೆ. ತರುಣರು ಅಮೆರಿಕ, ಕೆನಡಾಗಳತ್ತ ಹೊರಟಿದ್ದಾರೆ. ತಮ್ಮ ನುಡಿಯೂ ಆಚಾರವೂ ಮುಂದೆ ಯಾರ ಕೈಯಲ್ಲಿ ಉಳಿಯುವುವೆಂಬ ಚಿಂತೆ ಹಿರಿಯರನ್ನು ಕಾಡುತ್ತದೆ.

ಕಾನ್ ಪಟ್ಟಣದಲ್ಲಿ ಪ್ರವಾಸಿಯೇ ದೊರೆ. ಊರು ಅವನಿಗಾಗಿಯೇ ಸಿಂಗರಿಸಿಕೊಳ್ಳುತ್ತದೆ. ಬೈಲಕುಪ್ಪೆಯ ಮಂದಿರ ಯಾತ್ರಿಕರ ಮನರಂಜನೆಗಾಗಿ ಕಟ್ಟಿದ್ದಲ್ಲ. ನಾಡನ್ನು ಕಳೆದುಕೊಂಡ ಜನ ತಮ್ಮ ಧರ್ಮವನ್ನಾದರೂ ಉಳಿಸಿಕೊಳ್ಳಲು ಕಟ್ಟಿದ ಮನೆಯದು. ಪ್ರಾರ್ಥನೆಯ ಹೊತ್ತಿನಲ್ಲಿ ನಗಾರಿ ಮೊಳಗಿ, ನೂರಾರು ಕಂಠಗಳಿಂದ ಮಂತ್ರಘೋಷ ಏಳುವಾಗ ಹರಟೆ ನಿಲ್ಲಿಸಿ, ಕ್ಯಾಮರಾವನ್ನು ಚೀಲದಲ್ಲಿಟ್ಟು, ಪಾದರಕ್ಷೆ ಕಳಚಿ ಕ್ಷಣಕಾಲ ಒಂದು ಮೂಲೆಯಲ್ಲಿ ಕುಳಿತವರಿಗೆ ಈ ಮಾತು ತಾನಾಗಿ ತಿಳಿಯುತ್ತದೆ. ಅರುವತ್ತು ವರ್ಷಗಳ ಹಿಂದೆ ಅತಿಥಿಗಳಾಗಿ ಬಂದವರು ಇಂದು ಆತಿಥೇಯರಾಗಿದ್ದಾರೆ. ಅವರ ಬಾಗಿಲಿಗೆ ಹೋಗುವ ಕನ್ನಡಿಗನೂ ಅತಿಥಿಯಂತೆಯೇ ನಡೆದುಕೊಳ್ಳುವುದು ಉಚಿತ.